ನೆರೆ ನೀರಿಗಿಳಿದ ಕಾರು ಮತ್ತು ನಮ್ಮ ಅವಸರ

ಮಳೆಗಾಲ ಹತ್ತಿರವಾಯಿತೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ನೂರೆಂಟು ಸಿದ್ಧತೆಗಳು. ಮಾಡಿನ ಹಂಚು ಸರಿಪಡಿಸಬೇಕು, ಕಟ್ಟಿಗೆ ಒಳಗಿಡಬೇಕು, ತೋಡಿನ ಕಸ ತೆಗೆಯಬೇಕು. ಆದರೆ ಅಂಗಳದಲ್ಲಿ ನಿಂತಿರುವ ಕಾರಿನ ಬಗ್ಗೆ ಯೋಚಿಸುವವರು ಕಡಿಮೆ. ಹಿಂದೆ ಊರಿಗೆ ಒಂದೋ ಎರಡೋ ಕಾರುಗಳಿದ್ದವು. ಅವುಗಳ ಚಿಂತೆ ಡ್ರೈವರನಿಗೆ ಸೇರಿದ್ದಾಗಿತ್ತು. ಇಂದು ಪರಿಸ್ಥಿತಿ ಬದಲಾಗಿದೆ. ಪತಿ ಗಲ್ಫ್‌ನಲ್ಲಿ, ಕಾರು ಊರಿನಲ್ಲಿ. ಮಕ್ಕಳನ್ನು ಶಾಲೆಗೆ ಬಿಡುವುದು, ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಮದುವೆ ಮನೆಗಳಿಗೆ ಹೋಗಿ ಬರುವುದು ಎಲ್ಲವೂ ಗೃಹಿಣಿಯದ್ದೇ ಹೊಣೆ. ಆಕೆ ಕಾರು ಓಡಿಸಲು ಕಲಿತಿದ್ದಾಳೆ. ಆದರೆ ಅದು ನೀರಿನ ಮಧ್ಯೆ ನಿಂತುಬಿಟ್ಟರೆ ಏನು ಮಾಡಬೇಕೆಂಬುದನ್ನು ಆಕೆಗೆ ಯಾರಾದರೂ ಹೇಳಿಕೊಟ್ಟಿದ್ದಾರೆಯೇ?

ಇದು ಅಪರೂಪದ ವಿಷಯವೇನೂ ಅಲ್ಲ. 2018ರ ಮೇ 29ರಂದು ಒಂದೇ ದಿನದ ಮಳೆಗೆ ಮಂಗಳೂರಿನ ಎಷ್ಟೋ ರಸ್ತೆಗಳು ತೋಡುಗಳಾದವು. ಅದೇ ವರ್ಷ ಆಗಸ್ಟ್‌ನಲ್ಲಿ ಕೊಡಗು, ಮರುವರ್ಷ ಉತ್ತರ ಕರ್ನಾಟಕ ನೆರೆಯಲ್ಲಿ ನಲುಗಿತು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರ ವರ್ತುಲ ರಸ್ತೆಯ ಸುತ್ತಮುತ್ತ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಬೇಕಾಯಿತು. ಅಲ್ಲಿ ದುಬಾರಿ ಕಾರುಗಳು ಕಿಟಕಿಯ ಮಟ್ಟಕ್ಕೆ ಮುಳುಗಿದ್ದವು. ಮರುಭೂಮಿಗೂ ವಿನಾಯಿತಿ ಸಿಗಲಿಲ್ಲ. 2024ರ ಏಪ್ರಿಲ್ 16ರಂದು ಯುಎಇಯಲ್ಲಿ ಸುರಿದ ಮಳೆ, ಅಲ್ಲಿ 1949ರಲ್ಲಿ ದಾಖಲೆ ಇಡಲಾರಂಭಿಸಿದ ಬಳಿಕದ ಅತಿ ದೊಡ್ಡ ಮಳೆ. ಅಲ್ ಐನ್ ಪ್ರದೇಶದ ಒಂದು ಕಡೆ 24 ಗಂಟೆಗಳೊಳಗೆ 254 ಮಿಲಿಮೀಟರ್ ಮಳೆ ಸುರಿಯಿತು. ದುಬೈಯ ಹೆದ್ದಾರಿಗಳಲ್ಲಿ ಜನರು ಕಾರುಗಳನ್ನು ನೀರಿನಲ್ಲೇ ಬಿಟ್ಟು ನಡೆದರು. ಅಲ್ಲಿ ದುಡಿಯುತ್ತಿರುವ ನಮ್ಮವರೂ ಅಂದು ಆ ನೀರನ್ನು ಕಂಡವರೇ.

ಇಂತಹ ಸಂದರ್ಭಗಳಲ್ಲಿ ಸುತ್ತ ಸೇರಿದವರೆಲ್ಲರ ಬಾಯಿಯಿಂದ ಬರುವ ಸಲಹೆ ಒಂದೇ: "ಒಮ್ಮೆ ಸ್ಟಾರ್ಟ್ ಮಾಡಿ ನೋಡಿ." ದೂರದಿಂದ ಫೋನಿನಲ್ಲಿ ಪತಿಯೂ ಅದನ್ನೇ ಹೇಳಬಹುದು. ಅವರ ಉದ್ದೇಶ ಒಳ್ಳೆಯದೇ. ಆದರೆ ನೀರು ಮಾಡದ ಹಾನಿಯನ್ನು ಎಷ್ಟೋ ಬಾರಿ ಈ ಒಂದು ಮಾತು ಮಾಡಿಬಿಡುತ್ತದೆ. ಅದು ಹೇಗೆಂದು ತಿಳಿದುಕೊಂಡರೆ ಮುಂದಿನದ್ದೆಲ್ಲ ಸುಲಭ.

ಸಿರಿಂಜಿನ ಪಾಠ

ಮಗುವಿಗೆ ಔಷಧಿ ಕುಡಿಸುವ ಸೂಜಿಯಿಲ್ಲದ ಸಿರಿಂಜ್ ಮನೆಯಲ್ಲಿದ್ದರೆ ತೆಗೆದುಕೊಳ್ಳಿ. ಅದರಲ್ಲಿ ಗಾಳಿ ತುಂಬಿಸಿ, ತುದಿಯನ್ನು ಬೆರಳಿನಿಂದ ಮುಚ್ಚಿ ಹಿಂದಿನಿಂದ ಒತ್ತಿ. ಅದು ಸ್ವಲ್ಪ ಒಳಹೋಗುತ್ತದೆ. ಏಕೆಂದರೆ ಗಾಳಿ ಕುಗ್ಗುತ್ತದೆ. ಈಗ ನೀರು ತುಂಬಿಸಿ ಹಾಗೆಯೇ ಒತ್ತಿ. ಎಷ್ಟೇ ಬಲ ಹಾಕಿದರೂ ಕದಲುವುದಿಲ್ಲ.

ಕಾರಿನ ಎಂಜಿನ್‌ನಲ್ಲಿ ನಡೆಯುವುದೂ ಇದೇ. ಎಂಜಿನ್ ಮುಂಭಾಗದ ಕೊಳವೆಯೊಂದರ ಮೂಲಕ ಗಾಳಿ ಎಳೆದುಕೊಳ್ಳುತ್ತದೆ. ಪಿಸ್ಟನ್ ಮೇಲೇರಿ ಆ ಗಾಳಿಯನ್ನು ಒತ್ತುತ್ತದೆ. ಪೆಟ್ರೋಲ್ ಎಂಜಿನ್‌ನಲ್ಲಿ ಅದು ಸುಮಾರು ಹತ್ತನೇ ಒಂದು ಭಾಗಕ್ಕೆ ಕುಗ್ಗುತ್ತದೆ, ಡೀಸೆಲ್‌ನಲ್ಲಿ ಅದಕ್ಕಿಂತಲೂ ಹೆಚ್ಚು. ನೀರು ಆ ಕೊಳವೆಯ ಮಟ್ಟಕ್ಕೆ ಬಂದರೆ ಎಂಜಿನ್ ಗಾಳಿಯ ಬದಲು ನೀರನ್ನೇ ಕುಡಿಯುತ್ತದೆ. ಪಿಸ್ಟನ್ ಮೇಲೇರಲು ಹೊರಟಾಗ ನೀರು ಜಾಗ ಬಿಡುವುದಿಲ್ಲ. ಆಗ ಪಿಸ್ಟನ್‌ಗೆ ಜೋಡಿಸಿದ ಉಕ್ಕಿನ ರಾಡ್ ಬಾಗುತ್ತದೆ. ಕೆಲವೊಮ್ಮೆ ತುಂಡಾಗಿ ಎಂಜಿನ್‌ನ ಗೋಡೆಯನ್ನೇ ಒಡೆಯುತ್ತದೆ. ಗ್ಯಾರೇಜಿನವರು ಇದನ್ನು ಹೈಡ್ರೋಲಾಕ್ ಎನ್ನುತ್ತಾರೆ.

ನಿಧಾನವಾಗಿ ಸಾಗುತ್ತಿದ್ದ ಕಾರು ನೀರು ಕುಡಿದು ತಾನಾಗಿಯೇ ನಿಂತರೆ ರಾಡ್ ಬಾಗದೆ ಉಳಿದಿರುವ ಸಾಧ್ಯತೆ ಇದೆ. ನಿಲ್ಲಿಸಿಟ್ಟಿದ್ದ ಕಾರು ಅಂಗಳದಲ್ಲೋ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲೋ ಮುಳುಗಿದ್ದರೆ ಈ ಸಾಧ್ಯತೆ ಇನ್ನೂ ಹೆಚ್ಚು, ಏಕೆಂದರೆ ಅದರ ಎಂಜಿನ್ ತಿರುಗುತ್ತಲೇ ಇರಲಿಲ್ಲ. ಅಂದರೆ ಉಳಿಯಬಹುದಾದ ಎಂಜಿನ್‌ ನಿಮ್ಮ ಕೈಯಲ್ಲಿದೆ. ಕೀಲಿಕೈ ತಿರುಗಿಸಿದೊಡನೆ ಆ ಅವಕಾಶ ಕೈತಪ್ಪುತ್ತದೆ. ಎಣ್ಣೆ ಬದಲಿಸಿ, ಸ್ವಚ್ಛಗೊಳಿಸಿ ಮುಗಿಸಬಹುದಾಗಿದ್ದ ಕೆಲಸ ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟುವ ಖರ್ಚಿಗೆ ತಿರುಗುತ್ತದೆ.

ಮೊದಲು ಜೀವ, ಬಳಿಕ ಕಾರು

ಕಾರು ನೀರಿನ ನಡುವೆ ನಿಂತಿದೆ ಮತ್ತು ನೀರು ಏರುತ್ತಿದೆ ಎಂದಾದರೆ ಎಂಜಿನ್‌ನ ಚಿಂತೆಯನ್ನು ಬದಿಗಿಡಿ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆನೀರಿಗೆ ಸಿಲುಕಿದ ಕಾರಿನಲ್ಲಿ ಕುಟುಂಬದೊಂದಿಗಿದ್ದ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ಅದು ನದಿಯಲ್ಲ, ಹೊಳೆಯಲ್ಲ, ನಗರದ ನಡುವಿನ ರಸ್ತೆ!

ಸುಮಾರು 15 ಸೆಂಟಿಮೀಟರ್ ನೀರು ಹೆಚ್ಚಿನ ಕಾರುಗಳ ತಳಕ್ಕೆ ತಾಗುತ್ತದೆ. 30 ಸೆಂಟಿಮೀಟರ್ ಹರಿಯುವ ನೀರು ಎಷ್ಟೋ ಕಾರುಗಳನ್ನು ತೇಲಿಸಬಲ್ಲದು. 60 ಸೆಂಟಿಮೀಟರ್ ಆದರೆ ಜೀಪಿನಂತಹ ಎತ್ತರದ ಗಾಡಿಗಳೂ ಕೊಚ್ಚಿಹೋಗಬಹುದು. ದೊಡ್ಡವರ ಮೊಣಕಾಲಿಗಿಂತ ಸ್ವಲ್ಪ ಮೇಲಿನ ನೀರೆಂದರೆ ಅಷ್ಟೇ. ಹಾಗಾಗಿ ಕಾರು ನಿಂತೊಡನೆ ಸೀಟ್ ಬೆಲ್ಟ್ ಬಿಚ್ಚಿ, ಮಕ್ಕಳ ಬೆಲ್ಟನ್ನೂ ಬಿಚ್ಚಿ, ಕಿಟಕಿ ಇಳಿಸಿ. ಸ್ವಿಚ್ಚಿನ ಕಿಟಕಿಗಳು ನೀರು ನುಗ್ಗಿದ ಮೇಲೆ ಕೈಕೊಡಬಹುದು. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯಲು ಕಷ್ಟವಾಗಬಹುದು. ಬಾಗಿಲು ತೆರೆಯದಿದ್ದರೆ ಕಿಟಕಿಯಿಂದಲೇ ಹೊರಬನ್ನಿ. ಕಿಟಕಿಯೂ ಇಳಿಯದಿದ್ದರೆ ಬದಿಯ ಗಾಜನ್ನು ಮೂಲೆಯಲ್ಲಿ ಹೊಡೆಯಬೇಕು. ಮುಂದಿನ ದೊಡ್ಡ ಗಾಜು ಪದರಗಳಿಂದ ಕೂಡಿದ್ದು, ಸುಲಭವಾಗಿ ಒಡೆಯುವುದಿಲ್ಲ. ಇದಕ್ಕೆಂದೇ ಸಿಗುವ ಚೂಪು ತುದಿಯ ಸಣ್ಣ ಸುತ್ತಿಗೆಯೊಂದನ್ನು ಕೈಗೆಟಕುವಲ್ಲಿ ಇಡುವುದು ಒಳ್ಳೆಯದು.

ಹೊರಬಂದ ಬಳಿಕ ತೆರೆದ ಚರಂಡಿ, ತುಂಡಾದ ವಿದ್ಯುತ್ ತಂತಿಗಳ ಬಗ್ಗೆ ಎಚ್ಚರ. ಬ್ಯಾಗು, ಪುಸ್ತಕ, ಮದುವೆಗೆಂದು ತೆಗೆದ ಬಟ್ಟೆ ಎಂದು ಮರಳಿ ಕಾರಿನತ್ತ ಹೋಗಬೇಡಿ.

ನೀರು ಇಳಿದ ಬಳಿಕ

ಮೊದಲ ಕೆಲಸ, ನೀರು ಎಲ್ಲಿಯವರೆಗೆ ಬಂದಿತ್ತು ಎಂದು ನೋಡುವುದು. ಬಾಗಿಲು, ಸೀಟುಗಳ ಮೇಲೆ ಕೆಸರಿನ ಗೆರೆ ಉಳಿದಿರುತ್ತದೆ. ಒರೆಸುವ ಮುನ್ನ ನಾಲ್ಕೂ ಬದಿಯಿಂದ, ಒಳಗಿನಿಂದ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ನಂಬರ್ ಪ್ಲೇಟ್ ಮತ್ತು ನೀರಿನ ಗೆರೆ ಒಟ್ಟಿಗೆ ಕಾಣುವ ಒಂದು ಫೋಟೋ ಇರಲಿ.

ನೀರು ಚಕ್ರದ ಅರ್ಧಕ್ಕಿಂತ ಕೆಳಗಿತ್ತು, ಒಳಗೆ ನುಗ್ಗಿಲ್ಲ, ಕಾರು ಎಲ್ಲೂ ನಿಲ್ಲದೆ ದಾಟಿ ಬಂದಿದೆ ಎಂದಾದರೆ ಹೆಚ್ಚು ಗಾಬರಿ ಬೇಡ. ಆದರೆ ಒದ್ದೆಯಾದ ಬ್ರೇಕ್ ಒತ್ತಿದೊಡನೆ ಹಿಡಿಯುವುದಿಲ್ಲ. ಹಿಂದೆ ಮುಂದೆ ವಾಹನಗಳಿಲ್ಲದಾಗ ನಿಧಾನವಾಗಿ ಸಾಗುತ್ತಾ ನಾಲ್ಕಾರು ಬಾರಿ ಮೆಲ್ಲಗೆ ಬ್ರೇಕ್ ಒತ್ತಿ ಒಣಗಿಸಿ. ಅದು ಸರಿಯಾಗಿ ಹಿಡಿಯುತ್ತಿದೆಯೆಂದು ಖಾತ್ರಿಯಾದ ಬಳಿಕವೇ ವೇಗ ಹೆಚ್ಚಿಸಿ. ಮನೆ ತಲುಪಿದ ಮೇಲೆ ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಒದ್ದೆಯಿರುವಾಗ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಅಂಟಿಕೊಂಡುಬಿಡಬಹುದು. ಮುಂದಿನ ದಿನಗಳಲ್ಲಿ ಚಕ್ರದ ಬಳಿ ಗುಂಯ್‌ಗುಡುವ ಸದ್ದು ಬಂದರೆ ಬೇರಿಂಗ್‌ಗೆ ನೀರು ಹೋಗಿದೆ ಎಂದರ್ಥ. ತಡಮಾಡದೆ ತೋರಿಸಿ.

ನೀರಿನಲ್ಲಿ ಕಾರು ನಿಂತುಹೋಗಿದ್ದರೆ ಅಥವಾ ನೀರು ಒಳಗೆ ನುಗ್ಗಿದ್ದರೆ ಕಥೆ ಬೇರೆ. ಆಗ ನೆನಪಿಡಬೇಕಾದುದು ಇಷ್ಟು:

* ಕೀಲಿಕೈ ತಿರುಗಿಸಬೇಡಿ, ಸ್ಟಾರ್ಟ್ ಗುಂಡಿ ಒತ್ತಬೇಡಿ. ತಳ್ಳಿ ಸ್ಟಾರ್ಟ್ ಮಾಡುವುದೂ ಬೇಡ. ಅದರಲ್ಲೂ ಎಂಜಿನ್ ತಿರುಗುತ್ತದೆ.

* ನೆಲ ಒಣಗಿದ್ದು, ನಿಮಗೆ ಗೊತ್ತಿದ್ದರೆ ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಿಡಿ. ಗೊತ್ತಿಲ್ಲದಿದ್ದರೆ ಮೆಕ್ಯಾನಿಕ್‌ನಿಂದ ಮಾಡಿಸಿ. ಒದ್ದೆ ವಯರುಗಳಲ್ಲಿ ಕರೆಂಟ್ ಹರಿಯುತ್ತಿದ್ದರೆ ತುಕ್ಕು, ಶಾರ್ಟ್ ಸರ್ಕ್ಯೂಟ್ ಎರಡೂ ಬೇಗ.

* ಹಗ್ಗ ಕಟ್ಟಿ ಎಳೆಯಿಸುವುದಕ್ಕಿಂತ ಇಡೀ ಕಾರನ್ನು ಮೇಲೇರಿಸಿ ಕೊಂಡೊಯ್ಯುವ ಗಾಡಿಯನ್ನು ಕರೆಸಿ. ಆಟೋಮ್ಯಾಟಿಕ್ ಗೇರಿನ ಕಾರಿಗಂತೂ ಇದು ಕಡ್ಡಾಯವೆಂದೇ ತಿಳಿಯಿರಿ. ಎಂಜಿನ್ ಆಫ್ ಇರುವಾಗ ಚಕ್ರ ಉರುಳಿಸಿ ಎಳೆದರೆ ಗೇರ್‌ಬಾಕ್ಸ್‌ಗೆ ಹಾನಿಯಾಗಬಹುದು.

* ಗ್ಯಾರೇಜಿನಲ್ಲಿ ಮೊದಲು ಏರ್ ಫಿಲ್ಟರ್ ತೆಗೆಸಿ ನೋಡಿ. ಅದು ಒದ್ದೆಯಾಗಿದ್ದರೆ ನೀರು ಎಂಜಿನ್‌ನ ಬಾಗಿಲವರೆಗೂ ಬಂದಿದೆ. ಎಂಜಿನ್ ಆಯಿಲ್ ನೋಡುವ ಕಡ್ಡಿಯನ್ನು ಎಳೆಸಿ. ಆಯಿಲ್ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ. ಮಟ್ಟ ಮೊದಲಿಗಿಂತ ಏರಿದ್ದರೂ ಅದೇ ಅರ್ಥ.

* ಬಲ್ಲ ಮೆಕ್ಯಾನಿಕ್ ಪೆಟ್ರೋಲ್ ಕಾರಿನ ಪ್ಲಗ್‌ಗಳನ್ನು ಬಿಚ್ಚಿ, ಎಂಜಿನ್ ತಿರುಗಿಸಿ, ಒಳಗಿನ ನೀರನ್ನು ಆ ರಂಧ್ರಗಳಿಂದಲೇ ಹೊರಹಾಕುತ್ತಾನೆ. ಬಳಿಕ ಆಯಿಲ್, ಫಿಲ್ಟರ್ ಬದಲಾಯಿಸಿ ಆಮೇಲೆ ಸ್ಟಾರ್ಟ್ ಮಾಡುತ್ತಾನೆ. ಗೇರ್‌ಬಾಕ್ಸ್‌ನ ಆಯಿಲ್, ಬ್ರೇಕ್ ಆಯಿಲ್ ಕೂಡ ಪರೀಕ್ಷಿಸಲು ಹೇಳಿ. "ಇದೆಲ್ಲ ಬೇಡ, ಒಮ್ಮೆ ಸೆಲ್ಫ್ ಹೊಡೆದು ನೋಡುವಾ" ಎನ್ನುವ ಗ್ಯಾರೇಜಾದರೆ ಗೌರವದಿಂದಲೇ ಬೇರೆ ಗ್ಯಾರೇಜಿಗೆ ಹೋಗಿ.

ಸ್ಕೂಟರ್ ಓಡಿಸುವ ಸಹೋದರಿಯರಿಗೂ ಇದೇ ಮಾತು. ಸೈಲೆನ್ಸರ್ ಮುಳುಗಿ ನಿಂತ ಸ್ಕೂಟರನ್ನು ಮತ್ತೆ ಮತ್ತೆ ಕಿಕ್ ಹೊಡೆಯದೆ ತಳ್ಳಿಕೊಂಡು ಗ್ಯಾರೇಜಿಗೆ ತಲುಪಿಸಿ.

ವಿದ್ಯುತ್ ಕಾರುಗಳಿಗೆ ಈ ಪಿಸ್ಟನ್‌ನ ತೊಂದರೆಯಿಲ್ಲ. ಆದರೆ ಅವುಗಳ ಬ್ಯಾಟರಿಯಲ್ಲಿ ನೂರಾರು ವೋಲ್ಟ್ ಇರುತ್ತದೆ. ಮುಳುಗಿದ ಬ್ಯಾಟರಿಗೆ ದಿನಗಳ ಬಳಿಕವೂ ಬೆಂಕಿ ಹತ್ತಿಕೊಂಡದ್ದಿದೆ. ಉಪ್ಪುನೀರಾದರೆ ಅಪಾಯ ಇನ್ನೂ ಹೆಚ್ಚು. ಅಂತಹ ಕಾರನ್ನು ಚಾರ್ಜ್‌ಗೆ ಹಾಕಬೇಡಿ. ಕಿತ್ತಳೆ ಬಣ್ಣದ ವಯರುಗಳನ್ನು ಮುಟ್ಟಬೇಡಿ. ಮನೆಯ ಗೋಡೆಯಿಂದ ದೂರ, ಬಯಲಲ್ಲಿ ಇರಿಸಿ ಕಂಪೆನಿಯ ಸರ್ವಿಸ್‌ನವರನ್ನೇ ಕರೆಸಿ.

ಒಳಗಿನ ಒದ್ದೆ

ಕಾರಿನ ಒಳಗೆ ನುಗ್ಗಿದ್ದು ಶುದ್ಧ ಮಳೆನೀರಲ್ಲ. ಚರಂಡಿ, ಶೌಚಗುಂಡಿಗಳ ನೀರು, ಇಲಿಗಳ ಮೂತ್ರ ಎಲ್ಲವೂ ಅದರಲ್ಲಿ ಬೆರೆತಿರುತ್ತದೆ. ನಮ್ಮ ಜಿಲ್ಲೆಗಳಲ್ಲಿ ಮಳೆಗಾಲದಲ್ಲಿ ಕಾಡುವ ಇಲಿಜ್ವರ ಹರಡುವುದು ಇಂತಹ ನೀರಿನಿಂದಲೇ. ಕಾಲಿನ ಸಣ್ಣ ಗಾಯವೂ ಅದಕ್ಕೆ ದಾರಿಯಾಗಬಲ್ಲದು. ಆದ್ದರಿಂದ ರಬ್ಬರ್ ಗ್ಲೌಸ್, ಬೂಟ್ ಹಾಕಿಕೊಂಡೇ ಸ್ವಚ್ಛಗೊಳಿಸಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಸೀಟಿನಡಿ, ಡಿಕ್ಕಿಯೊಳಗೆ ಕೈಹಾಕುವ ಮುನ್ನ ಟಾರ್ಚ್ ಹಿಡಿದು ನೋಡಿ. ನೆರೆಯೊಂದಿಗೆ ಹಾವು ಬಂದು ಸೇರಿಕೊಂಡಿರಬಹುದು. ಮುಂದಿನ ಕೆಲವು ವಾರಗಳಲ್ಲಿ ಮನೆಯಲ್ಲಿ ಯಾರಿಗಾದರೂ ಜ್ವರ, ಮೈಕೈನೋವು ಬಂದರೆ ನೆರೆ ನೀರಿಗಿಳಿದ ವಿಷಯವನ್ನು ವೈದ್ಯರಿಗೆ ಮರೆಯದೆ ತಿಳಿಸಿ.

ಮ್ಯಾಟ್ ತೆಗೆದು ಒಣಗಿಸಿದರೆ ಸಾಲದು. ನೆಲಹಾಸಿನ ಅಡಿಯಲ್ಲಿ ದಪ್ಪ ಸ್ಪಂಜು ಇರುತ್ತದೆ. ಮೇಲ್ಭಾಗ ಒಣಗಿ ಗರಿಗರಿಯಾದರೂ ಅಡಿಯಲ್ಲಿ ವಾರಗಟ್ಟಲೆ ನೀರು ಉಳಿದಿರುತ್ತದೆ. ಅದು ಬೂಸ್ಟು ಹಿಡಿದು, ತಗಡನ್ನು ತುಕ್ಕು ತಿನ್ನುವುದಲ್ಲದೆ ಕಿಟಕಿ ಮುಚ್ಚಿ ಹೋಗುವಾಗ ಆ ಗಾಳಿಯನ್ನೇ ಮಕ್ಕಳು ಉಸಿರಾಡಬೇಕಾಗುತ್ತದೆ. ಉಬ್ಬಸ ಇರುವವರಿದ್ದರಂತೂ ಹೇಳುವುದೇ ಬೇಡ. ಆದ್ದರಿಂದ ಸೀಟುಗಳನ್ನು ಬಿಚ್ಚಿಸಿ, ನೆಲಹಾಸನ್ನು ಪೂರ್ತಿ ಎತ್ತಿಸಿ ತೊಳೆದು ಒಣಗಿಸಬೇಕು. ಸೀಟು ಬಿಚ್ಚುವ ಕೆಲಸ ಗ್ಯಾರೇಜಿನವರದ್ದಾಗಿರಲಿ. ಅನೇಕ ಕಾರುಗಳಲ್ಲಿ ಸೀಟಿನಡಿಯಲ್ಲಿ ಏರ್‌ಬ್ಯಾಗ್‌ನ ವಯರುಗಳಿರುತ್ತವೆ. ಮಳೆಗಾಲದಲ್ಲಿ ಬಿಸಿಲಿಗೆ ಕಾಯುತ್ತಾ ಕೂರುವಂತಿಲ್ಲ. ಚಾವಡಿಯಲ್ಲಿ ಫ್ಯಾನಿನ ಕೆಳಗಾದರೂ ಹರಡಿ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಇಳಿಯುವ ಸಣ್ಣ ರಂಧ್ರಗಳಿರುತ್ತವೆ. ಕೆಸರು ಕಟ್ಟಿಕೊಂಡಿದ್ದರೆ ಕಡ್ಡಿಯಿಂದ ಬಿಡಿಸಿ. ಎಸಿಯ ಫಿಲ್ಟರ್ ಬದಲಿಸಿ. ಸಮುದ್ರದ ಅಥವಾ ಅಳಿವೆಯ ಉಪ್ಪುನೀರು ತಾಗಿದ್ದರೆ ಕಾರಿನ ತಳಭಾಗವನ್ನು ಸಿಹಿನೀರಿನಲ್ಲಿ ಆದಷ್ಟು ಬೇಗ ತೊಳೆಸಿ.

ವಾಸನೆಗೆ ಅತ್ತರು, ಸ್ಪ್ರೇ ಹಾಕುವುದು ಗಾಯ ತೊಳೆಯದೆ ಬಟ್ಟೆ ಸುತ್ತಿದಂತೆ.

ವಿಮೆಯ ಕಾಗದವನ್ನು ಇಂದೇ ಓದಿ

ಕಾಯ್ದೆಯಂತೆ ಕಡ್ಡಾಯವಾಗಿರುವುದು ಥರ್ಡ್ ಪಾರ್ಟಿ ವಿಮೆ ಮಾತ್ರ. ಅದು ನಿಮ್ಮ ಕಾರಿನಿಂದ ಇತರರಿಗಾದ ಹಾನಿಗೆ. ನೆರೆಯಿಂದ ನಿಮ್ಮ ಕಾರಿಗಾದ ನಷ್ಟಕ್ಕೆ ಅದರಿಂದ ಒಂದು ರೂಪಾಯಿಯೂ ಸಿಗದು. ಅದಕ್ಕೆ ಪೂರ್ಣ ವಿಮೆ, ಅಂದರೆ ಸ್ವಂತ ವಾಹನದ ಹಾನಿಯೂ ಸೇರಿದ ಪಾಲಿಸಿ ಬೇಕು. ಅದರಲ್ಲಿ ನೆರೆ, ಬಿರುಗಾಳಿ ಸೇರಿವೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ನೀರಿನಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿ ಎಂಜಿನ್ ಒಡೆದರೆ, ಅದು ನೆರೆಯಿಂದ ನೇರವಾಗಿ ಆದ ಹಾನಿಯಲ್ಲ, ನಿಮ್ಮ ಕ್ರಿಯೆಯಿಂದ ಆದದ್ದು ಎಂದು ಕಂಪೆನಿಗಳು ಹಣ ನಿರಾಕರಿಸುತ್ತವೆ. ಎಂಜಿನ್‌ನ ರಕ್ಷಣೆಗೆಂದೇ ಹೆಚ್ಚುವರಿ ಕಂತು ಕಟ್ಟಿ ಸೇರಿಸಿಕೊಳ್ಳುವ 'ಎಂಜಿನ್ ಪ್ರೊಟೆಕ್ಟ್' ಸೌಲಭ್ಯವಿದೆ. 'ಝೀರೋ ಡೆಪ್ರಿಸಿಯೇಶನ್' ಇದೆ ಎಂದಾಕ್ಷಣ ಇದೂ ಇದೆಯೆಂದು ಭಾವಿಸಬೇಡಿ. ಎರಡೂ ಬೇರೆ ಬೇರೆ. ತಗ್ಗು ಪ್ರದೇಶದಲ್ಲಿ, ನದಿ ತೋಡುಗಳ ಬದಿಯಲ್ಲಿ ವಾಸಿಸುವವರು ನವೀಕರಣದ ವೇಳೆ ಇದನ್ನು ವಿಚಾರಿಸುವುದು ಲೇಸು.

ಹಾನಿಯಾದೊಡನೆ ಕಂಪೆನಿಗೆ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಸರ್ವೇಯರ್ ಬಂದು ನೋಡುವ ಮುನ್ನ ರಿಪೇರಿ ಆರಂಭಿಸಬೇಡಿ. ಪಾಲಿಸಿಯಲ್ಲಿ ಐಡಿವಿ ಎಂದು ಕಾರಿನ ಮೌಲ್ಯ ನಮೂದಿಸಿರುತ್ತದೆ. ರಿಪೇರಿಯ ಖರ್ಚು ಅದರ ಶೇ. 75ನ್ನು ಮೀರಿದರೆ ಕಾರು ಪೂರ್ತಿ ನಷ್ಟವಾಯಿತೆಂದು ಪರಿಗಣಿಸಲಾಗುತ್ತದೆ. ಆರ್‌ಸಿ, ಪಾಲಿಸಿಯ ಪ್ರತಿಗಳು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಇದ್ದು ಕಾರಿನೊಂದಿಗೆ ಅವೂ ನೆನೆದುಹೋದರೆ? ಒಂದು ಪ್ರತಿ ಮನೆಯ ಕಪಾಟಿನಲ್ಲಿ, ಇನ್ನೊಂದು ನಿಮ್ಮ ಮೊಬೈಲಿನಲ್ಲಿ ಇರಲಿ. ಪತಿಯ ಮೊಬೈಲಿನಲ್ಲಿ ಮಾತ್ರ ಇದ್ದರೆ ಸಾಲದು.

ಮಾರುವಾಗ, ಕೊಳ್ಳುವಾಗ

ಪ್ರತಿ ನೆರೆಯ ಬಳಿಕ ಮುಳುಗಿದ ಕಾರುಗಳು ತೊಳೆದು, ಪಾಲಿಶ್ ಹಾಕಿಸಿಕೊಂಡು ದೂರದ ಊರುಗಳ ಮಾರುಕಟ್ಟೆಗೆ ಬರುತ್ತವೆ. ಹಳೆಯ ಕಾರು ಕೊಳ್ಳುವವರು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಬೇಕು. ಸುರುಳಿಯೊಳಗೆ ಅಡಗಿದ ಭಾಗದಲ್ಲಿ ಕೆಸರಿನ ಕಲೆ ಉಳಿದಿರುತ್ತದೆ. ಡಿಕ್ಕಿಯ ಸ್ಟೆಪ್ನಿ ಎತ್ತಿ ಅಡಿಯ ಗುಂಡಿ ನೋಡಿ. ಸೀಟಿನ ಕೆಳಗಿನ ಬೋಲ್ಟುಗಳಲ್ಲಿ ತುಕ್ಕು, ಹೆಡ್‌ಲೈಟಿನೊಳಗೆ ಹನಿ, ಒಳಗೆಲ್ಲ ವಿಪರೀತ ಸುಗಂಧ ಇವೆಲ್ಲ ಸೂಚನೆಗಳೇ. ವಿಮೆಯ ಹಳೆಯ ಕ್ಲೇಮ್‌ಗಳ ವಿವರವನ್ನೂ ಕೇಳಿ.

ಮಾರುವವರು ನಾವೇ ಆಗಿದ್ದರೆ? ಮಳೆಗೆ ನೆನೆದ ಧಾನ್ಯವನ್ನು ರಾಶಿಯ ಅಡಿಯಲ್ಲಿ ಅಡಗಿಸಿಟ್ಟು ಮೇಲೆ ಒಣಗಿದ್ದನ್ನು ತೋರಿಸುತ್ತಿದ್ದ ವ್ಯಾಪಾರಿಯನ್ನು ಪ್ರವಾದಿಯವರು(ಸ) ತಡೆದು ಎಚ್ಚರಿಸಿದ ಘಟನೆ ನಮ್ಮ ಮಕ್ಕಳೂ ಕೇಳಿ ಬಲ್ಲರು. ಆ ಧಾನ್ಯದ ಜಾಗದಲ್ಲಿ ಕಾರನ್ನಿಟ್ಟು ನೋಡಿದರೆ ಸಾಕು. ಮುಳುಗಿದ ಕಾರನ್ನು ಮಾರುವುದು ತಪ್ಪಲ್ಲ. ಮುಳುಗಿದ್ದನ್ನು ಹೇಳದೆ ಮಾರುವುದು ತಪ್ಪು. ಒದ್ದೆಯಾದ ಏರ್‌ಬ್ಯಾಗ್, ತುಕ್ಕು ಹಿಡಿದ ಬ್ರೇಕ್ ಇನ್ನೊಬ್ಬರ ಮಕ್ಕಳನ್ನು ಹೊತ್ತು ಹೆದ್ದಾರಿಯಲ್ಲಿ ಓಡುತ್ತದೆ ಎಂಬುದು ನೆನಪಿರಲಿ. ಬೆಲೆ ಸ್ವಲ್ಪ ಕಡಿಮೆಯಾದರೂ ವಿಷಯ ತಿಳಿಸಿಯೇ ಮಾರಿ.

ಈ ಮಳೆಗಾಲಕ್ಕೆ ಮುನ್ನ ಮನೆಯವರೆಲ್ಲ ಕೂತು ಹತ್ತು ನಿಮಿಷ ಮಾತಾಡಿ. ಟೋಯಿಂಗ್ ಗಾಡಿಯವನ, ವಿಮಾ ಕಂಪೆನಿಯ, ನಂಬಿಕಸ್ಥ ಮೆಕ್ಯಾನಿಕ್‌ನ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಗಲ್ಫ್‌ನಲ್ಲಿರುವ ಪತಿಗೂ, ಹೊಸದಾಗಿ ಲೈಸೆನ್ಸ್ ಪಡೆದ ಮಗನಿಗೂ ಮಗಳಿಗೂ ಸಿರಿಂಜಿನ ಪಾಠವನ್ನು ಹೇಳಿಕೊಡಿ. ನಾಳೆ ರಸ್ತೆಬದಿಯಲ್ಲಿ ಹತ್ತು ಮಂದಿ ಸೇರಿ "ಒಮ್ಮೆ ಸ್ಟಾರ್ಟ್ ಮಾಡಿ ನೋಡಿ" ಎಂದರೂ, "ಇಲ್ಲ, ಮೆಕ್ಯಾನಿಕ್ ಬರಲಿ" ಎಂದು ಕೀಲಿಕೈಯನ್ನು ವ್ಯಾನಿಟಿ ಬ್ಯಾಗಿನೊಳಗೆ ಹಾಕಿಕೊಳ್ಳುವ ಧೈರ್ಯ ನಿಮಗಿರಲಿ. ಕಾರಿನ ಬಗ್ಗೆ ಹೆಣ್ಣಿಗೇನು ಗೊತ್ತು ಎನ್ನುವವರಿಗೆ ಆಮೇಲೆ ಗ್ಯಾರೇಜಿನ ಬಿಲ್ಲೇ ಉತ್ತರ ಕೊಡುತ್ತದೆ.